ಉದಯಸೂರ್ಯನ ಹೆಸರಿನ ಮನೆ: ಒಂದು ಹಾಡು ಬಾಯಿಂದ ಬಾಯಿಗೆ ನಡೆದ ದಾರಿ

ಗಿಟಾರ್ ಕಲಿಯಲು ಕೂತವರಿಗೆ ಮೊದಲ ಕೆಲವು ತಿಂಗಳಲ್ಲೇ ಎದುರಾಗುವ ಒಂದು ಪಾಠವಿದೆ. ಎಡಗೈಯಲ್ಲಿ ಎ ಮೈನರ್ ಎಂಬ ಕಾರ್ಡ್, ಅಂದರೆ ಜೊತೆಯಾಗಿ ನುಡಿಯುವ ಸ್ವರಗಳ ಗುಂಪು, ಹಿಡಿದು, ಬಲಗೈಯಲ್ಲಿ ತಂತಿಗಳನ್ನು ಒಟ್ಟಿಗೆ ಬಾರಿಸದೆ, ದಪ್ಪ ತಂತಿಯಿಂದ ತೆಳು ತಂತಿಯವರೆಗೆ ಒಂದೊಂದನ್ನೇ ಮೀಟುತ್ತ ಏರಿ, ಹಾಗೆಯೇ ಇಳಿದು ಬರಬೇಕು. ಆಮೇಲೆ ಸಿ, ಡಿ, ಎಫ್; ಮತ್ತೆ ಎ ಮೈನರ್, ಸಿ, ಇ. ಎಫ್ ಬಂದಾಗ ತೋರುಬೆರಳನ್ನು ತಂತಿಗಳ ಮೇಲೆ ಅಡ್ಡಲಾಗಿ ಒತ್ತಿ ಹಿಡಿಯಬೇಕಾಗುವುದರಿಂದ ಹೊಸಬರ ಬೆರಳು ನೋಯುತ್ತದೆ, ಸ್ವರ ಸತ್ತಂತೆ ಕೇಳುತ್ತದೆ, ನಡೆ ಮುರಿದುಬೀಳುತ್ತದೆ. ಬೆಂಗಳೂರಿನ ಒಂದು ಚಿಕ್ಕ ಕೋಣೆಯಲ್ಲಿ ನಾನೂ ಹೀಗೆಯೇ ತಡವರಿಸಿ ಕಲಿತವನು. ಒಂದು ಸಂಜೆ ಆ ಎಫ್ ಸರಿಯಾಗಿ ನುಡಿದು, ಮುರಿಯದೆ ಮತ್ತೆ ಎ ಮೈನರಿಗೆ ಬಂದು ಸೇರಿದಾಗ ಆದ ಸಂತೋಷ ಇನ್ನೂ ನೆನಪಿದೆ. ಆದರೆ ಆ ಹಾಡು ಯಾರದ್ದು ಎಂದು ನಾನಾಗ ಕೇಳಿರಲಿಲ್ಲ. ಪುಸ್ತಕದಲ್ಲಿ ಹಾಡಿನ ಹೆಸರಿನ ಕೆಳಗೆ ‘ಸಾಂಪ್ರದಾಯಿಕ’ ಎಂದು ಅಚ್ಚಾಗಿತ್ತು. ಅಷ್ಟು ಸಾಕೆನಿಸಿತ್ತು.

ಈ ಉಪನ್ಯಾಸ ಆ ಒಂದು ಪದದ ಹಿಂದೆ ಏನಿದೆ ಎಂಬುದರ ಕುರಿತದ್ದು. ಹಾಡಿನ ಹೆಸರು ‘ದ ಹೌಸ್ ಆಫ್ ದ ರೈಸಿಂಗ್ ಸನ್’, ಉದಯಸೂರ್ಯನ ಹೆಸರಿನ ಮನೆ. ಇಂಗ್ಲೆಂಡಿನ ದಿ ಅನಿಮಲ್ಸ್ ಎಂಬ ತಂಡ 1964ರಲ್ಲಿ ಇದನ್ನು ಧ್ವನಿಮುದ್ರಿಸಿ ಹೊರತಂದಿತು. ಅಟ್ಲಾಂಟಿಕ್ ಸಾಗರದ ಎರಡೂ ದಡಗಳಲ್ಲಿ ಅದು ಮಾರಾಟದ ಪಟ್ಟಿಯ ತುದಿಗೇರಿತು. ಜನಪದ ಹಾಡನ್ನು ಎಲೆಕ್ಟ್ರಿಕ್ ಗಿಟಾರ್, ಬೇಸ್, ಡ್ರಮ್ಸ್‌ಗಳ ನಡುವೆ ತಂದು ಕೂರಿಸುವ ಫೋಕ್ ರಾಕ್ ಎಂಬ ಪ್ರಕಾರದ ಮೊದಲ ದೊಡ್ಡ ಯಶಸ್ಸು ಇದೇ ಎಂದು ಹಲವು ವಿಮರ್ಶಕರು ಹೇಳುತ್ತಾರೆ. ಅಮೆರಿಕದ ರಾಕ್ ವಿಮರ್ಶಕ ಡೇವ್ ಮಾರ್ಷ್ ಇದರ ಬಗ್ಗೆ ಬರೆಯುತ್ತ, ಪುರಾತನ ಧಾಟಿಯೊಂದಕ್ಕೆ ಕರೆಂಟು ಹರಿಯುವ ತಂತಿ ಜೋಡಿಸಿದ ಹಾಗಿದೆ ಎಂದದ್ದುಂಟು. ಮಾತು ಸರಿಯಾಗಿದೆ. ಆದರೆ ಕರೆಂಟು ಎಲ್ಲಿಂದ ಬಂತೆಂದು ಹೇಳುವಷ್ಟೇ ಎಚ್ಚರದಿಂದ ಆ ಧಾಟಿ ಯಾರ ಬಾಯಿಂದ ಬಂತೆಂದೂ ಹೇಳಬೇಕು. ಜನಪದ ಹಾಡಿಗೆ ಕರ್ತೃವಿಲ್ಲ ಎನ್ನುವುದು ನಮಗೆಲ್ಲ ರೂಢಿಯ ಮಾತು. ಕರ್ತೃ ಇಲ್ಲದಿರಬಹುದು, ಹಾಡಿದವರು ಇದ್ದೇ ಇರುತ್ತಾರೆ. ಅವರಿಗೆ ಹೆಸರಿರುತ್ತದೆ, ಊರಿರುತ್ತದೆ, ವಯಸ್ಸಿರುತ್ತದೆ. ಈ ಹಾಡಿನ ವಿಷಯದಲ್ಲಿ ಅವರಲ್ಲಿ ಕೆಲವರನ್ನಾದರೂ ನಾವು ಹೆಸರು ಹಿಡಿದು ಕರೆಯಬಹುದು.

ಹಾಡಿನ ಕಥೆ ಸರಳವಾದದ್ದು. ನ್ಯೂ ಆರ್ಲಿಯನ್ಸ್ ನಗರದಲ್ಲಿ ಉದಯಸೂರ್ಯ ಎಂಬ ಹೆಸರಿನ ಮನೆಯೊಂದಿದೆ. ಅದು ಎಷ್ಟೋ ಬಡ ಮಕ್ಕಳ ಬಾಳನ್ನು ಹಾಳುಮಾಡಿದೆ. ಹಾಡುತ್ತಿರುವ ಜೀವವೂ ಅವರಲ್ಲೊಂದು. ತಾಯಿ ಬಟ್ಟೆ ಹೊಲಿಯುವವಳು. ತಾನು ಮಾಡಿದ್ದನ್ನು ಮಾಡಬೇಡಿರೆಂದು ತನ್ನವರಿಗೆ ಹೇಳಿಕಳಿಸುವ ಆ ಜೀವ, ಕೊನೆಯಲ್ಲಿ ಮಾತ್ರ ಮತ್ತೆ ಅದೇ ಮನೆಗೆ ಹೊರಟು ನಿಂತಿರುತ್ತದೆ. ಈ ಹಾಡಿನ ನಿಜವಾದ ಸಂಕಟ ಅಲ್ಲಿದೆ ಎಂದು ನಾನು ತಿಳಿದಿದ್ದೇನೆ: ಕೆಟ್ಟದ್ದೆಂದು ಬಲ್ಲವರೇ ತಮ್ಮ ಕಾಲಿನಿಂದ ನಡೆದು ಆ ಬಾಗಿಲಿಗೆ ಹಿಂತಿರುಗುತ್ತಾರೆ. ಆ ಮನೆ ಸೂಳೆಗೇರಿಯ ಮನೆಯೋ, ಜೂಜಿನ ಕಟ್ಟೆಯೋ, ಸೆರೆಮನೆಯೋ ಎಂದು ನೂರು ವಾದಗಳಿವೆ. ಕಾಲಿಗೆ ಕಟ್ಟುವ ಕಬ್ಬಿಣದ ಗುಂಡು ಮತ್ತು ಸರಪಳಿಯ ಮಾತು ಕೊನೆಗೆ ಬರುವುದರಿಂದ ಸೆರೆಮನೆಯ ವಾದಕ್ಕೆ ಬಲ ಬಂದಿದೆ. ನ್ಯೂ ಆರ್ಲಿಯನ್ಸ್‌ನಲ್ಲಿ ಪ್ರವಾಸಿಗರಿಗೆ ಒಂದಲ್ಲ ಎರಡು ವಿಳಾಸಗಳನ್ನು ತೋರಿಸುವವರಿದ್ದಾರೆ. ಯಾವುದಕ್ಕೂ ಗಟ್ಟಿಯಾದ ಆಧಾರ ಸಿಕ್ಕಿಲ್ಲ. ಮನೆ ಯಾವುದೆಂದು ಹಾಡು ಹೇಳದಿರುವುದರಿಂದಲೇ ಎಲ್ಲರೂ ತಮಗೆ ಗೊತ್ತಿರುವ ಮನೆಯನ್ನು ಅಲ್ಲಿ ಕಾಣುತ್ತಾರೆ. ಹೀಗಾಗಿ ಆ ಹುಡುಕಾಟವನ್ನು ನಾನು ಇಲ್ಲಿಗೇ ಬಿಡುತ್ತೇನೆ.

ಹಾಡಿನ ಸಾಹಿತ್ಯ ಅಚ್ಚಿನಲ್ಲಿ ಕಾಣಿಸಿಕೊಂಡದ್ದು 1925ರಲ್ಲಿ, ಅಡ್ವೆಂಚರ್ ಎಂಬ ಅಮೆರಿಕದ ಪತ್ರಿಕೆಯಲ್ಲಿ. ಹಳೆಯ ಹಾಡುಗಳನ್ನು ಓದುಗರಿಂದ ತರಿಸಿಕೊಂಡು ಪ್ರಕಟಿಸುತ್ತಿದ್ದ ರಾಬರ್ಟ್ ವಿನ್ಸ್ಲೋ ಗಾರ್ಡನ್ ಅವರ ಅಂಕಣ ಅದು. ನಮಗೆ ತಿಳಿದಿರುವ ಅತ್ಯಂತ ಹಳೆಯ ಧ್ವನಿಮುದ್ರಿಕೆ 1933ರ ಸೆಪ್ಟೆಂಬರಿನದು. ಅಪಲೇಚಿಯನ್ ಬೆಟ್ಟಸೀಮೆಯ ಗಾಯಕ ಕ್ಲಾರೆನ್ಸ್ ಆ್ಯಶ್ಲಿ ಅದನ್ನು ಗ್ವೆನ್ ಫಾಸ್ಟರ್ ಜೊತೆ ಹಾಡಿದರು. ಈ ಹಾಡನ್ನು ತಾನು ಅಜ್ಜನಿಂದ ಕಲಿತದ್ದೆಂದು ಆ್ಯಶ್ಲಿ ಹೇಳುತ್ತಿದ್ದರು. ಅಂದರೆ ಹಾಡು ಹತ್ತೊಂಬತ್ತನೆಯ ಶತಮಾನದ್ದಿರಬೇಕು. ಇಂಗ್ಲಿಷ್ ಲಾವಣಿಗಳ ಜೊತೆ ಇದರ ಧಾಟಿಗೆ ನಂಟಿದೆ ಎಂಬ ಊಹೆಯೂ ಇದೆ. ಆ್ಯಶ್ಲಿಯ ಹಾಡಿನಲ್ಲಿ ಹಾಳಾಗುವವರು ಗಂಡುಹುಡುಗರು ಎಂಬುದನ್ನು ಗುರುತಿಟ್ಟುಕೊಳ್ಳಬೇಕು. ಮುಂದೆ ಈ ಮಾತು ಬೇಕಾಗುತ್ತದೆ.

ಈಗ ನಾನು ಸ್ವಲ್ಪ ಹೊತ್ತು ನಿಲ್ಲಬೇಕಾದ ಜಾಗಕ್ಕೆ ಬರುತ್ತೇನೆ. ಕೆಂಟಕಿ ರಾಜ್ಯದ ಆಗ್ನೇಯ ಮೂಲೆಯಲ್ಲಿ, ಬೆಟ್ಟಗಳ ನಡುವೆ, ಕಲ್ಲಿದ್ದಲ ಗಣಿಗಳನ್ನು ನೆಚ್ಚಿಕೊಂಡಿದ್ದ ಮಿಡಲ್ಸ್‌ಬರೊ ಎಂಬ ಊರು. 1937ರ ಸೆಪ್ಟೆಂಬರ್ 15ರಂದು ಅಲ್ಲಿಗೆ ಅಲನ್ ಲೋಮ್ಯಾಕ್ಸ್ ಎಂಬ ಯುವಕ ಬಂದಿದ್ದ. ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್‌ನ ಜನಪದ ಗೀತೆಗಳ ಸಂಗ್ರಹಾಲಯದ ಪರವಾಗಿ, ಪತ್ನಿ ಎಲಿಜಬೆತ್ ಜೊತೆ ಊರೂರು ತಿರುಗಿ ಹಾಡು ಮುದ್ರಿಸಿಕೊಳ್ಳುತ್ತಿದ್ದ ಅವನಿಗೆ ಆಗ ಇಪ್ಪತ್ತೆರಡು ವರ್ಷ. ಅವನ ಜೊತೆಗಿದ್ದದ್ದು ತಟ್ಟೆಯ ಮೇಲೆ ನೇರವಾಗಿ ಗೆರೆ ಕೊರೆಯುವ ಯಂತ್ರ. ಗಾಯಕರು ಹಾಡುತ್ತಿದ್ದಂತೆಯೇ ಸೂಜಿ ಮೆದುವಾದ ಲೇಪವನ್ನು ಕೊರೆಯುತ್ತ ಹೋಗುತ್ತದೆ. ಕೊರೆದು ಎದ್ದ ಲೇಪ ಸಣ್ಣ ಎಳೆಯಾಗಿ ಸುರುಳಿಗಟ್ಟುತ್ತದೆ. ಅದು ಸೂಜಿಗೆ ಸಿಕ್ಕಿಕೊಳ್ಳದಂತೆ ಪಕ್ಕದಲ್ಲಿ ಕುಳಿತವರು ಕುಂಚದಿಂದ ಗುಡಿಸುತ್ತಿರಬೇಕು. ಒಂದು ಬದಿಯಲ್ಲಿ ಹಿಡಿಸುವುದು ಕೆಲವೇ ನಿಮಿಷದ ಹಾಡು. ತಪ್ಪಿದರೆ ಅಳಿಸಿ ತಿದ್ದುವಂತಿಲ್ಲ.

ಅಂಥ ಯಂತ್ರದ ಮುಂದೆ ಆ ದಿನ ಒಬ್ಬ ಗಣಿಕಾರ್ಮಿಕನ ಮನೆಯಲ್ಲಿ ಬಂದು ನಿಂತವಳು ಜಾರ್ಜಿಯಾ ಟರ್ನರ್. ವಯಸ್ಸು ಹದಿನಾರು. ಅವಳೂ ಗಣಿಕಾರ್ಮಿಕನ ಮಗಳೇ. ಅವಳು ಹಾಡಿದ ‘ರೈಸಿಂಗ್ ಸನ್ ಬ್ಲೂಸ್’ ಹೆಣ್ಣಿನ ಹಾಡು. ಬಡ ಹುಡುಗಿಯರನ್ನು ಹಾಳುಮಾಡಿದ ಮನೆ, ನ್ಯೂ ಆರ್ಲಿಯನ್ಸ್‌ನಲ್ಲಿ ಕುಡಿದು ಬಿದ್ದಿರುವ ಪ್ರಿಯ, ಮನೆಯಲ್ಲಿ ಉಳಿದಿರುವ ತಂಗಿಗೆ ಹೇಳಿಕಳಿಸುವ ಬುದ್ಧಿಮಾತು. ನ್ಯೂ ಆರ್ಲಿಯನ್ಸ್‌ನಿಂದ ನೂರಾರು ಮೈಲಿ ದೂರದ ಬೆಟ್ಟದೂರಿನ ಹದಿನಾರರ ಹುಡುಗಿಗೆ ಈ ಹಾಡು ಏಕೆ ಹಿಡಿಸಿತೆಂದು ಕೇಳಿದರೆ ಒಂದೇ ಉತ್ತರ ಹೇಳುವುದು ಕಷ್ಟ. ದುಡಿಮೆ ಹುಡುಕಿ ಊರು ಬಿಟ್ಟು ಹೋದವರನ್ನೂ ಕುಡಿತಕ್ಕೆ ಬಿದ್ದವರನ್ನೂ ಗಣಿಯೂರಿನ ಮಕ್ಕಳು ಕಣ್ಣಾರೆ ಕಂಡೇ ಬೆಳೆಯುತ್ತಾರೆ ಎಂದಷ್ಟೇ ನಾನು ಹೇಳಬಲ್ಲೆ. ಲೋಮ್ಯಾಕ್ಸ್ ಅದೇ ಪ್ರವಾಸದಲ್ಲಿ ಕೆಂಟಕಿಯ ಬೇರೆ ಗಾಯಕರಿಂದಲೂ ಈ ಹಾಡನ್ನು ಮುದ್ರಿಸಿಕೊಂಡ. 1941ರಲ್ಲಿ ಅವನು ತಂದೆ ಜಾನ್ ಲೋಮ್ಯಾಕ್ಸ್ ಜೊತೆ ಹೊರತಂದ ‘ಅವರ್ ಸಿಂಗಿಂಗ್ ಕಂಟ್ರಿ’ ಸಂಕಲನದಲ್ಲಿ ಹಾಡು ಅಚ್ಚಾದಾಗ, ಅದರ ಜೊತೆಗೆ ಜಾರ್ಜಿಯಾ ಟರ್ನರ್ ಎಂಬ ಹೆಸರೂ, ಕೆಲವು ನುಡಿಗಳನ್ನು ಕೊಟ್ಟ ಬರ್ಟ್ ಮಾರ್ಟಿನ್ ಎಂಬ ಹೆಸರೂ ಅಚ್ಚಾದವು. ಸಂಗ್ರಾಹಕ ಮಾಡಬೇಕಾದ ಮೊದಲ ಕೆಲಸವನ್ನು ಲೋಮ್ಯಾಕ್ಸ್ ಮಾಡಿದ್ದ. ಮುಂದಿನವರು ಆ ಹೆಸರನ್ನು ಹೊತ್ತು ತರಲಿಲ್ಲ.

ಪುಸ್ತಕದಿಂದಲೂ ಮುದ್ರಿಕೆಗಳಿಂದಲೂ ಹಾಡು ನಗರಕ್ಕೆ ಬಂತು. ವುಡಿ ಗತ್ರಿ, ಜಾಷ್ ವೈಟ್, ಲೆಡ್ ಬೆಲಿ, ದಿ ವೀವರ್ಸ್ ತಂಡ ಹೀಗೆ ಒಬ್ಬೊಬ್ಬರೂ ಅದನ್ನು ತಮ್ಮ ದನಿಗೆ ಒಗ್ಗಿಸಿಕೊಂಡರು. 1960ರಲ್ಲಿ ಜೋನ್ ಬೇಜ್ ತಮ್ಮ ಮೊದಲ ಆಲ್ಬಮ್ಮಿನಲ್ಲಿ ಹಾಡಿದರು. ನಮ್ಮ ಕಥೆಗೆ ಮುಖ್ಯವಾದ ಎಳೆ ಮಾತ್ರ ಬೇರೆ ಕಡೆಯಿಂದ ಬರುತ್ತದೆ. ಟೆಕ್ಸಸ್ಸಿನ ಗಾಯಕಿ ಹಾಗೂ ಸಂಗ್ರಾಹಕಿ ಹ್ಯಾಲಿ ವುಡ್ ಈ ಹಾಡನ್ನು ಲೋಮ್ಯಾಕ್ಸ್ ಮುದ್ರಿಸಿದ್ದ ಜಾರ್ಜಿಯಾ ಟರ್ನರಳ ದನಿಯಿಂದಲೇ ಕಲಿತರು. ಹ್ಯಾಲಿ ವುಡ್ ಅವರ ಮುದ್ರಿಕೆಯಿಂದ ನ್ಯೂಯಾರ್ಕಿನ ಗ್ರೀನಿಚ್ ವಿಲೇಜಿನ ಗಾಯಕ ಡೇವ್ ವಾನ್ ರಾಂಕ್ ಕಲಿತರು. ಕಲಿತು ಒಂದು ಬದಲಾವಣೆ ಮಾಡಿದರು: ಕಾರ್ಡುಗಳನ್ನು ಬದಲಿಸಿ, ಕೆಳಗಿನ ತಂತಿಯ ಸ್ವರ ಅರ್ಧರ್ಧ ಸ್ವರದಂತೆ ಮೆಟ್ಟಿಲಿಳಿಯುತ್ತ ಹೋಗುವಂತೆ ಜೋಡಿಸಿದರು. ಮೇಲೆ ಹಾಡುವವಳು ತನ್ನ ಪತನವನ್ನು ಹೇಳುತ್ತಿರುವಾಗ ಕೆಳಗೆ ನೆಲವೇ ಒಂದೊಂದು ಅಂಗುಲ ಕುಸಿಯುತ್ತಿರುವಂತೆ ಕೇಳುವ ಜೋಡಣೆ ಅದು.

ಆಮೇಲೆ ನಡೆದದ್ದನ್ನು ವಾನ್ ರಾಂಕ್ ತಮ್ಮ ನೆನಪುಗಳಲ್ಲಿ ಹೇಳಿಕೊಂಡಿದ್ದಾರೆ. ಅವರ ಸುತ್ತಮುತ್ತಲೇ ಓಡಾಡಿಕೊಂಡಿದ್ದ ಯುವ ಗಾಯಕ ಬಾಬ್ ಡಿಲನ್ ಒಂದು ಸಂಜೆ ಬಂದು, ನಿಮ್ಮ ಜೋಡಣೆಯಲ್ಲಿ ಆ ಹಾಡನ್ನು ನಾನು ಮುದ್ರಿಸಬಹುದೇ ಎಂದು ಕೇಳಿದ. ಕೆಲವೇ ವಾರಗಳಲ್ಲಿ ನಾನೇ ಅದನ್ನು ಮುದ್ರಿಸಲಿದ್ದೇನೆ, ನಿನ್ನ ಮುಂದಿನ ಆಲ್ಬಮ್ಮಿಗೆ ಇಟ್ಟುಕೊಳ್ಳಬಾರದೇ ಎಂದರು ವಾನ್ ರಾಂಕ್. ಡಿಲನ್ ಪೆಚ್ಚಾದ. ಹಾಡು ಆಗಲೇ ಮುದ್ರಣವಾಗಿಹೋಗಿತ್ತು. 1961ರ ನವೆಂಬರಿನಲ್ಲಿ, ಇಪ್ಪತ್ತು ವರ್ಷದ ಡಿಲನ್ ತನ್ನ ಮೊದಲ ಆಲ್ಬಮ್ಮಿಗಾಗಿ ಅದನ್ನು ಹಾಡಿದ್ದ. 1962ರ ಮಾರ್ಚಿನಲ್ಲಿ ಆಲ್ಬಮ್ ಹೊರಬಂತು. ಗೆಳೆಯರ ನಡುವೆ ಕೆಲಕಾಲ ಮಾತು ನಿಂತಿತು. ಅದಕ್ಕಿಂತ ಹೆಚ್ಚು ನೋವಾದದ್ದು ಆಮೇಲೆ: ವಾನ್ ರಾಂಕ್ ವೇದಿಕೆಯಲ್ಲಿ ಹಾಡಿದರೆ ಕೇಳುಗರು ಡಿಲನ್ನನಿಂದ ಎತ್ತಿಕೊಂಡದ್ದು ಎನ್ನತೊಡಗಿದರು, ಅವರು ಹಾಡುವುದನ್ನೇ ಬಿಟ್ಟರು. ಎರಡು ವರ್ಷ ಕಳೆದು ಅನಿಮಲ್ಸ್ ತಂಡದ ಹಾಡು ಜಗತ್ತನ್ನೆಲ್ಲ ಆವರಿಸಿದಾಗ, ಅನಿಮಲ್ಸ್‌ನಿಂದ ಎತ್ತಿಕೊಂಡದ್ದೆಂಬ ಮಾತು ಕೇಳಬೇಕಾದ ಸರದಿ ಡಿಲನ್ನನದಾಯಿತು. ಅವನೂ ಹಾಡುವುದನ್ನು ಬಿಟ್ಟ. ಈ ಪ್ರಸಂಗ ನಗು ತರಿಸುವಂತಿದ್ದರೂ ನನಗೆ ಇದರಲ್ಲಿ ಒಂದು ಗಂಭೀರವಾದ ಸಂಗತಿ ಕಾಣುತ್ತದೆ. ಬಾಯಿಂದ ಬಾಯಿಗೆ ಹಾಡು ಸಾಗುತ್ತಿದ್ದ ಕಾಲದಲ್ಲಿ, ಯಾರಿಂದ ಕಲಿತೆ ಎನ್ನುವುದು ಹೆಮ್ಮೆಯ ಮಾತಾಗಿತ್ತು. ತಟ್ಟೆಯ ಮೇಲೆ ಹೆಸರು ಅಚ್ಚಾಗುವ ಕಾಲ ಬಂದೊಡನೆ ಅದೇ ಮಾತು ಆರೋಪವಾಯಿತು.

ಇನ್ನು ನ್ಯೂಕಾಸಲ್. ಇಂಗ್ಲೆಂಡಿನ ಈಶಾನ್ಯಕ್ಕೆ ಟೈನ್ ನದಿಯ ದಡದಲ್ಲಿರುವ ಆ ನಗರವೂ ಕಲ್ಲಿದ್ದಲು ಮತ್ತು ಹಡಗು ಕಟ್ಟುವ ಕೆಲಸದಿಂದ ಬದುಕಿದ್ದು. ಗಾಯಕ ಎರಿಕ್ ಬರ್ಡನ್, ಆರ್ಗನ್ ನುಡಿಸುವ ಅಲನ್ ಪ್ರೈಸ್, ಗಿಟಾರಿನ ಹಿಲ್ಟನ್ ವ್ಯಾಲೆಂಟೈನ್, ಬೇಸ್ ಗಿಟಾರಿನ ಚಾಸ್ ಚಾಂಡ್ಲರ್, ಡ್ರಮ್ಸ್‌ನ ಜಾನ್ ಸ್ಟೀಲ್ ಸೇರಿ ಕಟ್ಟಿದ ಅನಿಮಲ್ಸ್ ತಂಡಕ್ಕೆ ಅಮೆರಿಕದ ಕಪ್ಪು ಜನರ ಬ್ಲೂಸ್ ಸಂಗೀತವೇ ಉಸಿರಾಗಿತ್ತು. ಬರ್ಡನ್ ತಾನು ಈ ಹಾಡನ್ನು ಮೊದಲು ಕೇಳಿದ್ದು ತನ್ನ ಊರಿನ ಜನಪದ ಗಾಯಕ ಜಾನಿ ಹ್ಯಾಂಡಲ್ ಅವರ ಬಾಯಿಂದ ಎಂದಿದ್ದಾನೆ. ತಂಡದ ಇತರರು ಡಿಲನ್ನನ ಆಲ್ಬಮ್ಮಿನ ಹೆಸರು ಹೇಳುತ್ತಾರೆ. ತಂಡದ ಮೊಟ್ಟಮೊದಲ ಸಿಂಗಲ್ (ಬಿಡಿ ಹಾಡಿನ ತಟ್ಟೆ) ಕೂಡ ಅದೇ ಆಲ್ಬಮ್ಮಿನ ಇನ್ನೊಂದು ಹಾಡನ್ನು ಬದಲಿಸಿ ಮಾಡಿದ್ದಾಗಿದ್ದುದರಿಂದ ಡಿಲನ್ನನ ಋಣ ಇಲ್ಲೂ ಇದೆ ಎನ್ನುವುದೇ ನನ್ನ ಅಭಿಪ್ರಾಯ. ಎರಡೂ ನಿಜವಾಗಿರಬಹುದು. ಒಂದು ಹಾಡು ಎರಡು ಬಾಗಿಲಿಂದ ಒಳಗೆ ಬಂದರೆ ಆಶ್ಚರ್ಯವೇನು?

1964ರ ಮೇ ತಿಂಗಳಿನಲ್ಲಿ ಚಕ್ ಬೆರಿಯವರ ಬ್ರಿಟನ್ ಪ್ರವಾಸದಲ್ಲಿ ಅನಿಮಲ್ಸ್ ತಂಡಕ್ಕೂ ಜಾಗ ಸಿಕ್ಕಿತು. ರಾಕ್ ಅಂಡ್ ರೋಲಿನ ಗುರುವಿನ ಎದುರು ರಾಕ್ ಅಂಡ್ ರೋಲನ್ನೇ ಬಾರಿಸಿ ಗೆಲ್ಲುವುದು ಸಾಧ್ಯವಿರಲಿಲ್ಲ. ತಮ್ಮ ಪಾಲಿನ ಕಾರ್ಯಕ್ರಮ ಮುಗಿಸಲು ಎಲ್ಲರಿಗಿಂತ ಬೇರೆಯಾದದ್ದೊಂದು ಬೇಕಿತ್ತು. ನಿಧಾನವಾದ, ಕತ್ತಲು ತುಂಬಿದ ಈ ಹಾಡನ್ನು ಅವರು ಆರಿಸಿಕೊಂಡದ್ದು ಹಾಗೆ. ಕೇಳುಗರು ರಾತ್ರಿ ರಾತ್ರಿಯೂ ಅದಕ್ಕೆ ಮನಸೋತರು. ಮೇ 18ರಂದು, ಪ್ರವಾಸದ ನಡುವೆಯೇ ಬಿಡುವು ಮಾಡಿಕೊಂಡು ಲಂಡನ್ನಿನ ಕಿಂಗ್ಸ್‌ವೇಯಲ್ಲಿದ್ದ ಡಿ ಲೇನ್ ಲೀ ಸ್ಟುಡಿಯೋಗೆ ಬಂದು, ನಿರ್ಮಾಪಕ ಮಿಕಿ ಮೋಸ್ಟ್ ಅವರ ಉಸ್ತುವಾರಿಯಲ್ಲಿ ಒಂದೇ ಸಲಕ್ಕೆ ಹಾಡಿ ಮುಗಿಸಿದರು. ಎರಡನೆಯ ಸಲ ಬೇಕಾಗಲಿಲ್ಲ. ರಾತ್ರಿಗಳಗಟ್ಟಲೆ ವೇದಿಕೆಯ ಮೇಲೆ ಹದಗೊಂಡ ಹಾಡಿಗೆ ಸ್ಟುಡಿಯೋದಲ್ಲಿ ಇನ್ನೇನು ಕಲಿಯುವುದಿತ್ತು?

ಆ ಮುದ್ರಿಕೆಯನ್ನು ಸಭೆಯಲ್ಲಿ ಎರಡು ಸಲ ಕೇಳಿಸಿದೆ. ಇಲ್ಲಿ ಮಾತಿನಲ್ಲೇ ಹೇಳಬೇಕಾಗಿದೆ. ಮೊದಲು ಕೇಳುವುದು ಗಿಟಾರ್ ಒಂದೇ. ವ್ಯಾಲೆಂಟೈನ್ ಕಾರ್ಡುಗಳನ್ನು ಬಿಡಿಸಿ, ಸ್ವರ ಸ್ವರವಾಗಿ ಮೀಟುತ್ತಾನೆ. ಆರು ಮಾತ್ರೆಯ ನಡೆ. ದಾದ್ರಾ ಕೇಳಿ ಬೆಳೆದ ಕಿವಿಗೆ ಆ ತೂಗು ಕೂಡಲೇ ಹಿಡಿಸುತ್ತದೆ. ಜನಪದ ಗಾಯಕರು ಬೆರಳಿನಿಂದ ಮೀಟುತ್ತಿದ್ದುದನ್ನು ಅವನು ಎಲೆಕ್ಟ್ರಿಕ್ ಗಿಟಾರಿನ ಮೇಲೆ ನುಡಿಸಿದಾಗ, ಪ್ರತಿ ಸ್ವರಕ್ಕೂ ಲೋಹದ ಅಂಚು ಬಂತು. ನಂತರ ಬರ್ಡನ್‌ನ ದನಿ, ಕೆಳಗಿನ ಸ್ಥಾಯಿಯಲ್ಲಿ, ಬಹುತೇಕ ಅದುಮಿಟ್ಟಂತೆ. ಪ್ರೈಸ್‌ನ ವಾಕ್ಸ್ ಕಾಂಟಿನೆಂಟಲ್ ಆರ್ಗನ್ ಹಿಂದಿನಿಂದ ತೆಳುವಾಗಿ ಹರಡಿಕೊಳ್ಳುತ್ತ ಬಂದು, ನಡುವೆ ತಾನೇ ಮುಂದೆ ನಿಂತು ನುಡಿಯುತ್ತದೆ. ಆ ಆರ್ಗನ್ ಭಾಗ ಮುಗಿದ ಮೇಲೆ ತಾಯಂದಿರಿಗೆ ಬುದ್ಧಿ ಹೇಳುವ ನುಡಿ ಬರುತ್ತದಲ್ಲ, ಅಲ್ಲಿ ಬರ್ಡನ್ ಮೇಲಿನ ಸ್ಥಾಯಿಗೆ ಹಾರಿ ಕೂಗುತ್ತಾನೆ. ಇಪ್ಪತ್ಮೂರು ವರ್ಷದ ಹುಡುಗನ ಕೊರಳಲ್ಲಿ ಆ ದನಿ ಎಲ್ಲಿತ್ತೋ ಎಂದು ಇಷ್ಟು ವರ್ಷ ಕೇಳಿದ ಮೇಲೂ ನನಗೆ ಬೆರಗಾಗುತ್ತದೆ. ಕೊನೆಯಲ್ಲಿ ನಡೆ ನಿಧಾನವಾಗಿ, ಆರ್ಗನ್ನಿನ ಒಂದು ನೀಳವಾದ ಕಾರ್ಡ್ ಉಳಿಯುತ್ತದೆ. ಬಗೆಹರಿಯಿತು ಎಂಬ ನೆಮ್ಮದಿಯನ್ನು ಆ ಕಾರ್ಡ್ ಕೊಡುವುದಿಲ್ಲ.

ಸಾಹಿತ್ಯದಲ್ಲಿ ಅವರು ಮಾಡಿದ ಬದಲಾವಣೆ ಸಣ್ಣದಾಗಿ ಕಂಡರೂ ಸಣ್ಣದಲ್ಲ. ಡಿಲನ್ ಗಂಡಾಗಿದ್ದೂ ಹೆಣ್ಣಿನ ಮಾತನ್ನು ಹೆಣ್ಣಿನ ಮಾತಾಗಿಯೇ ಹಾಡಿದ್ದ. ಅನಿಮಲ್ಸ್ ಹಾಳಾದವಳನ್ನು ಹಾಳಾದವನನ್ನಾಗಿ ಮಾಡಿದರು. ಪ್ರಿಯತಮನ ಜಾಗಕ್ಕೆ ಅಪ್ಪ ಬಂದ, ಅವನು ಜೂಜುಕೋರ. ಹೀಗಾದೊಡನೆ ಕಥೆಯ ಬೇರೇ ಬದಲಾಯಿತು. ಮೊದಲು ನಂಬಿ ಕೆಟ್ಟ ಹುಡುಗಿಯ ಕಥೆಯಾಗಿದ್ದದ್ದು, ಈಗ ಅಪ್ಪನ ಚಟ ಮಗನಿಗೆ ಇಳಿದುಬಂದ ಕಥೆಯಾಯಿತು. ಸೂಳೆಗೇರಿಯ ಹಾಡನ್ನು ರೇಡಿಯೋದಲ್ಲಿ ನಿರಾತಂಕವಾಗಿ ಕೇಳಿಸಲು ಇದು ಅನುಕೂಲವಾಯಿತು ಎಂಬುದೂ ನಿಜ. ಆ್ಯಶ್ಲಿಯ 1933ರ ಹಾಡಿನಲ್ಲೇ ಗಂಡುಹುಡುಗರಿದ್ದರೆಂದು ಹಿಂದೆ ಹೇಳಿದೆನಷ್ಟೆ. ಆದ್ದರಿಂದ ಇದನ್ನು ಪರಂಪರೆಗೆ ಬಗೆದ ದ್ರೋಹ ಎನ್ನಲಾರೆ. ಆದರೂ ಜಾರ್ಜಿಯಾಳ ಹಾಡು ಕೇಳಿದ ಮೇಲೆ ನನಗೆ ಈ ಹಾಡಿನಲ್ಲಿ ಒಂದು ಹೆಣ್ಣುದನಿ ಕಾಣೆಯಾಗಿದೆ ಎಂದು ಅನಿಸದೆ ಇರುವುದಿಲ್ಲ.

ಮುದ್ರಣವಾದ ಹಾಡಿನ ಉದ್ದ 4 ನಿಮಿಷ 29 ಸೆಕೆಂಡು. ಎರಡೂವರೆ ಮೂರು ನಿಮಿಷ ಮೀರಿದರೆ ರೇಡಿಯೋದವರು ಮುಟ್ಟುವುದಿಲ್ಲ ಎಂಬ ನಂಬಿಕೆಯಿದ್ದ ಕಾಲ ಅದು. ಬ್ರಿಟನ್ನಿನಲ್ಲಿ ಇಡೀ ಹಾಡೇ ಜೂನ್‌ನಲ್ಲಿ ಹೊರಬಂದು ಜುಲೈನಲ್ಲಿ ಪಟ್ಟಿಯ ಮೊದಲ ಸ್ಥಾನಕ್ಕೇರಿತು. ಅಮೆರಿಕದಲ್ಲಿ ಅದನ್ನು ಸುಮಾರು ಮೂರು ನಿಮಿಷಕ್ಕೆ ಕತ್ತರಿಸಿ ಹಂಚಿದರು. ಸೆಪ್ಟೆಂಬರ್ 5ರಿಂದ ಮೂರು ವಾರ ಅದು ಮೊದಲ ಸ್ಥಾನದಲ್ಲಿತ್ತು. ಆ ವರ್ಷ ಅಮೆರಿಕಕ್ಕೆ ಬಂದ ಬ್ರಿಟಿಷ್ ಹಾಡುಗಳ ಅಲೆಯಲ್ಲಿ, ಬೀಟಲ್ಸ್ ತಂಡದ ನಂಟಿಲ್ಲದೆ ಮೊದಲ ಸ್ಥಾನಕ್ಕೇರಿದ ಮೊದಲ ಹಾಡು ಇದು. ಅಮೆರಿಕದ ಬೆಟ್ಟಸೀಮೆಯ ಹಾಡು ಇಂಗ್ಲೆಂಡಿನ ಕಲ್ಲಿದ್ದಲ ನಾಡಿನ ಹುಡುಗರ ಮೂಲಕ ಅಮೆರಿಕಕ್ಕೆ ಮರಳಿ ಬಂದಿತ್ತು.

ತಟ್ಟೆಯ ಮೇಲಿನ ಚೀಟಿಯಲ್ಲಿ ಮಾತ್ರ ಹಾಡು ಸಾಂಪ್ರದಾಯಿಕ, ಜೋಡಣೆ ಅಲನ್ ಪ್ರೈಸ್ ಎಂದು ಅಚ್ಚಾಯಿತು. ಐವರ ಹೆಸರಿಗೂ ಅಲ್ಲಿ ಜಾಗ ಸಾಲದು, ಒಬ್ಬರದನ್ನು ಹಾಕೋಣ ಎಂದು ತಮಗೆ ಹೇಳಲಾಯಿತೆಂದು ಉಳಿದ ಸದಸ್ಯರು ಮುಂದೆ ಹಲವು ಬಾರಿ ಹೇಳಿಕೊಂಡಿದ್ದಾರೆ. ಜೋಡಣೆಗಾರನಿಗೆ ಸಲ್ಲುವ ರಾಯಲ್ಟಿ ಹೆಸರಿದ್ದವರಿಗೆ ಹೋಯಿತು. ಹಾಡಿನ ಗುರುತೇ ಆಗಿಹೋದ ಗಿಟಾರಿನ ಮೀಟನ್ನು ಕೊಟ್ಟ ವ್ಯಾಲೆಂಟೈನ್‌ಗೆ, ಕೊರಳು ಕೊಟ್ಟ ಬರ್ಡನ್‌ಗೆ, ಅದರಲ್ಲಿ ಪಾಲಿರಲಿಲ್ಲ. ತಂಡದೊಳಗೆ ಈ ಗಾಯ ಮಾಯಲಿಲ್ಲ. 1965ರಲ್ಲಿ ಪ್ರೈಸ್ ತಂಡ ಬಿಟ್ಟರು. ವ್ಯಾಲೆಂಟೈನ್ 2021ರಲ್ಲಿ ತೀರಿಕೊಂಡಾಗ ಎಲ್ಲ ಶ್ರದ್ಧಾಂಜಲಿಗಳೂ ಆ ಎ ಮೈನರಿನಿಂದಲೇ ಶುರುವಾದವು. ಚೀಟಿಯಲ್ಲಿ ಇಲ್ಲದ ಹೆಸರು ಕಿವಿಗಳಲ್ಲಿ ಉಳಿದಿತ್ತು.

ಪ್ರಭಾವದ ಮಾತಿಗೆ ಬಂದರೆ, ಬೇರೆಲ್ಲಕ್ಕಿಂತ ಮುಖ್ಯವೆಂದು ನನಗನಿಸುವ ಪ್ರಸಂಗ ಅಷ್ಟಾಗಿ ಪ್ರಸಿದ್ಧವಲ್ಲ. ಡಿಲನ್ ಹಾಡುತ್ತಿದ್ದ ಕೊಲಂಬಿಯಾ ಕಂಪನಿಯಲ್ಲಿ ಟಾಮ್ ವಿಲ್ಸನ್ ಎಂಬ ನಿರ್ಮಾಪಕರಿದ್ದರು. ಹಾರ್ವರ್ಡಿನಲ್ಲಿ ಓದಿ, ಜಾಝ್ ಮುದ್ರಿಕೆಗಳಿಂದ ವೃತ್ತಿ ಆರಂಭಿಸಿದ ಕಪ್ಪು ಅಮೆರಿಕನ್. ಅನಿಮಲ್ಸ್ ಹಾಡು ಗೆದ್ದ ಮೂರೇ ತಿಂಗಳಿಗೆ, 1964ರ ಡಿಸೆಂಬರಿನಲ್ಲಿ, ಅವರು ಡಿಲನ್ನನ ಹಳೆಯ ‘ಹೌಸ್ ಆಫ್ ದ ರೈಸಿಂಗ್ ಸನ್’ ಮುದ್ರಿಕೆಯನ್ನು ಹೊರತೆಗೆದು, ಬರೀ ಗಿಟಾರಿನೊಂದಿಗೆ ಹಾಡಿದ್ದ ಅದರ ಮೇಲೆ ಎಲೆಕ್ಟ್ರಿಕ್ ವಾದ್ಯಗಳ ಮೇಳವನ್ನು ಕೂರಿಸಿ ನೋಡಿದರು. ಪ್ರಯೋಗ ಸಮಾಧಾನ ತರಲಿಲ್ಲ. ಅದು ಕಪಾಟು ಸೇರಿ, ಹೊರಬಂದದ್ದು ಮೂರು ದಶಕಗಳ ನಂತರ. ಆದರೆ ದಾರಿ ಗೊತ್ತಾಗಿತ್ತು. ಮುಂದಿನ ತಿಂಗಳೇ, 1965ರ ಜನವರಿಯಲ್ಲಿ, ಡಿಲನ್ ವಿಲ್ಸನ್ ಜೊತೆ ಸ್ಟುಡಿಯೋಗೆ ಬಂದು ಮೇಳದೊಂದಿಗೇ ಹಾಡಿದ. ಜೂನ್ ತಿಂಗಳಲ್ಲಿ ವಿಲ್ಸನ್ ಅದೇ ಉಪಾಯವನ್ನು ಸೈಮನ್ ಮತ್ತು ಗಾರ್ಫಂಕಲ್ ಜೋಡಿಯ, ಯಾರೂ ಕೇಳದೆ ಮೂಲೆಗೆ ಬಿದ್ದಿದ್ದ ‘ದ ಸೌಂಡ್ ಆಫ್ ಸೈಲೆನ್ಸ್’ ಮೇಲೆ ಮಾಡಿದರು. ಹಾಡಿದವರಿಗೇ ತಿಳಿಸದೆ ಗಿಟಾರ್, ಬೇಸ್, ಡ್ರಮ್ಸ್ ಸೇರಿಸಿದರು. 1966ರ ಜನವರಿಯಲ್ಲಿ ಅದು ಅಮೆರಿಕದ ಮೊದಲ ಸ್ಥಾನಕ್ಕೇರಿತು. ಡಿಸೆಂಬರಿನ ಆ ಸೋತ ಪ್ರಯೋಗವಿಲ್ಲದಿದ್ದರೆ ಜೂನಿನ ಗೆಲುವು ಬರುತ್ತಿತ್ತೇ ಎಂಬುದು ಯೋಚಿಸಬೇಕಾದ ಪ್ರಶ್ನೆ. ಮುಂದೆ ವಿಲ್ಸನ್ ಬೇರೆ ಕಂಪನಿಗೆ ಹೋದಾಗ ಸ್ವತಃ ಅನಿಮಲ್ಸ್ ತಂಡಕ್ಕೇ ನಿರ್ಮಾಪಕರಾದರು.

ಅದೇ 1965ರ ಜೂನಿನಲ್ಲಿ ದ ಬರ್ಡ್ಸ್ ತಂಡ ಡಿಲನ್ನನ ‘ಮಿಸ್ಟರ್ ಟ್ಯಾಂಬೊರಿನ್ ಮ್ಯಾನ್’ ಹಾಡನ್ನು ಹನ್ನೆರಡು ತಂತಿಯ ಎಲೆಕ್ಟ್ರಿಕ್ ಗಿಟಾರಿನೊಂದಿಗೆ ಹಾಡಿ ಮೊದಲ ಸ್ಥಾನಕ್ಕೆ ತಂದಿತು. ಬಿಲ್‌ಬೋರ್ಡ್ ಪತ್ರಿಕೆ ‘ಫೋಕ್ ರಾಕ್’ ಎಂಬ ಪದವನ್ನು ಬಳಕೆಗೆ ತಂದದ್ದೂ ಆ ತಿಂಗಳೇ. ಜುಲೈ 25ರಂದು ನ್ಯೂಪೋರ್ಟ್ ಜನಪದ ಉತ್ಸವದಲ್ಲಿ ಡಿಲನ್ ಎಲೆಕ್ಟ್ರಿಕ್ ಗಿಟಾರ್ ಹಿಡಿದು ನಿಂತಾಗ ಕೇಳುಗರಲ್ಲಿ ಕೆಲವರು ಕೂಗಿ ವಿರೋಧಿಸಿದ ಕಥೆ ಎಲ್ಲರಿಗೂ ಗೊತ್ತು. ಆ ಜಗಳದಲ್ಲಿ ಮರೆತುಹೋಗುವ ಸಂಗತಿಯೆಂದರೆ, ಜನಪದ ಹಾಡು ಎಲೆಕ್ಟ್ರಿಕ್ ವಾದ್ಯದ ಮುಂದೆ ನಿಲ್ಲಬಲ್ಲದೇ ಎಂಬ ಪ್ರಶ್ನೆಗೆ ಉತ್ತರ ಒಂದು ವರ್ಷದ ಹಿಂದೆಯೇ, ಆ ಚಳವಳಿಯ ಹೊರಗಿನ ನ್ಯೂಕಾಸಲ್ ಹುಡುಗರಿಂದ, ಸಿಕ್ಕಿಯಾಗಿತ್ತು. ಬರ್ಡ್ಸ್ ಹಾಡಿದ್ದು ಅದಾಗತಾನೇ ಬರೆದ ಹಾಡು. ಅನಿಮಲ್ಸ್ ಹಾಡಿದ್ದು ನಿಜಕ್ಕೂ ಹಳೆಯದು. ಫೋಕ್ ರಾಕ್ ಎಂಬ ಎರಡು ಪದಗಳಲ್ಲಿ ಮೊದಲನೆಯದಕ್ಕೆ ಅಷ್ಟು ನೇರವಾಗಿ ಹೊಂದುವ ಹಾಡು ಆ ವರ್ಷಗಳ ಗೆದ್ದ ಹಾಡುಗಳಲ್ಲಿ ಬೇರೆ ಸಿಗುವುದು ಕಷ್ಟ.

ಹಾಡು ಅಲ್ಲಿಗೆ ನಿಲ್ಲಲಿಲ್ಲ. 1964ರಲ್ಲೇ ಫ್ರಾನ್ಸಿನಲ್ಲಿ ಜಾನಿ ಹಾಲಿಡೇ ಅದನ್ನು ಸೆರೆಮನೆಯ ಹಾಡಾಗಿ ಫ್ರೆಂಚಿನಲ್ಲಿ ಹಾಡಿದರು. 1970ರಲ್ಲಿ ಡೆಟ್ರಾಯಿಟಿನ ಫ್ರಿಜಿಡ್ ಪಿಂಕ್ ತಂಡ ಕರ್ಕಶವಾದ ಗಿಟಾರಿನೊಂದಿಗೆ ಮತ್ತೆ ಪಟ್ಟಿಗೆ ತಂದಿತು. 1980ರ ದಶಕದ ಹೊಸ್ತಿಲಲ್ಲಿ ಟೆನೆಸಿಯ ಬೆಟ್ಟಸೀಮೆಯಲ್ಲೇ ಹುಟ್ಟಿ ಬೆಳೆದ ಡಾಲಿ ಪಾರ್ಟನ್ ಅದನ್ನು ಮತ್ತೆ ಹೆಣ್ಣಿನ ಹಾಡಾಗಿ ಹಾಡಿದರು. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಬ್ಲೈಂಡ್ ಬಾಯ್ಸ್ ಆಫ್ ಅಲಬಾಮಾ ಎಂಬ ಅಂಧ ಗಾಯಕರ ತಂಡ 2001ರಲ್ಲಿ ಮಾಡಿದ ಕೆಲಸ: ಅವರು ‘ಅಮೇಜಿಂಗ್ ಗ್ರೇಸ್’ ಎಂಬ ಭಕ್ತಿಗೀತೆಯ ಸಾಹಿತ್ಯವನ್ನು ಈ ಹಾಡಿನ ಧಾಟಿಗೆ ಹಾಡಿದರು. ಎರಡೂ ಒಂದೇ ಲಾವಣಿ ಛಂದಸ್ಸಿನಲ್ಲಿರುವುದರಿಂದ ಸಾಲುಗಳು ಎಲ್ಲೂ ಸಿಕ್ಕಿಕೊಳ್ಳದೆ ಕೂರುತ್ತವೆ. ಒಂದು ಪದವನ್ನು ಇನ್ನೊಂದು ಧಾಟಿಯಲ್ಲಿ ಹಾಡುವುದು ನಮಗೆ ಹೊಸದಲ್ಲ. ಆದರೂ ದೇವರ ಕೃಪೆಯಿಂದ ಉದ್ಧಾರವಾದ ಜೀವದ ಮಾತು, ಉದ್ಧಾರವಾಗದೆ ಅದೇ ಬಾಗಿಲಿಗೆ ಮರಳಿದ ಜೀವದ ಧಾಟಿಯಲ್ಲಿ ಕೇಳಿಬಂದಾಗ ಆಗುವ ಕಂಪನವನ್ನು ವಿವರಿಸಲು ನನ್ನಲ್ಲಿ ಮಾತಿಲ್ಲ.

ಜಾರ್ಜಿಯಾ ಟರ್ನರ್ ಮುಂದೆ ಮದುವೆಯಾಗಿ, ಕೆಂಟಕಿ ಬಿಟ್ಟು ಮಿಷಿಗನ್ ರಾಜ್ಯಕ್ಕೆ ಹೋಗಿ ಸಂಸಾರ ಮಾಡಿದರು. ಲೋಮ್ಯಾಕ್ಸ್ ಮೂಲಕ ಅವರಿಗೆ ಒಂದಿಷ್ಟು ರಾಯಲ್ಟಿ ತಲುಪಿತು. ಹಾಡು ಗಳಿಸಿದ್ದರ ಮುಂದೆ ಅದು ಏನೇನೂ ಅಲ್ಲ. 1969ರಲ್ಲಿ, ಐವತ್ತು ತುಂಬುವ ಮೊದಲೇ, ತೀರಿಕೊಂಡರು. ಅವರು ಯಾರು, ಎಲ್ಲಿದ್ದರು ಎಂಬುದನ್ನು ಪತ್ರಕರ್ತ ಟೆಡ್ ಆಂಥೊನಿ ಊರೂರು ಹುಡುಕಿ, 2007ರಲ್ಲಿ ಈ ಒಂದೇ ಹಾಡಿನ ಮೇಲೆ ಬರೆದ ಪುಸ್ತಕದಲ್ಲಿ ದಾಖಲಿಸಿದರು. ಅಂಥ ಹುಡುಕಾಟಕ್ಕೆ ನಾವು ಕೃತಜ್ಞರಾಗಿರಬೇಕು.

ಉಪನ್ಯಾಸದ ಕೊನೆಗೆ ನಾನು ಮುದ್ರಿಕೆಗಳನ್ನು ಕಾಲದ ಹಿಮ್ಮುಖವಾಗಿ ಕೇಳಿಸಿದೆ: ಮೊದಲು 1964ರ ಅನಿಮಲ್ಸ್, ಆಮೇಲೆ ಡಿಲನ್, ಕಟ್ಟಕಡೆಗೆ 1937ರ ಮಿಡಲ್ಸ್‌ಬರೊ. ಆರ್ಗನ್ ಹೋಯಿತು, ಡ್ರಮ್ಸ್ ಹೋಯಿತು, ಡಿಲನ್ನನ ಗಿಟಾರೂ ಹೋಯಿತು. ಸೂಜಿ ಕೊರೆಯುವ ಸದ್ದಿನ ನಡುವಿನಿಂದ, ಯಾವ ಪಕ್ಕವಾದ್ಯವೂ ಇಲ್ಲದೆ, ಹದಿನಾರು ವರ್ಷದ ಹುಡುಗಿಯೊಬ್ಬಳ ದನಿ ತಂಗಿಗೆ ಹೇಳಿಕಳಿಸಬೇಕಾದ ಮಾತನ್ನು ಹೇಳತೊಡಗಿತು.